ನನ್ನ ಮೂಗಿನ ಪರೀಕ್ಷೆ

ಎಪ್ಪತ್ತರ ದಶಕದ ನಡುವಿನ ವರ್ಷಗಳು. ನಾನು ಮುದ್ದೇಬಿಹಾಳದ ಸಣ್ಣ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಆಪರೇಶನ್ ಆದವರ ಗಾಯ ತೊಳೆದು ಪಟ್ಟಿ ಕಟ್ಟುವುದು ನನ್ನ ಕೆಲಸ. ಆ ಬೇಸಿಗೆಯಲ್ಲಿ ಗಾಯಗಳು ಒಂದರ ಹಿಂದೊಂದು ಕೀವಾಗತೊಡಗಿದವು. ಪೆನಿಸಿಲಿನ್ ಸೂಜಿ ಹಾಕಿದರೂ ಕೀವು ನಿಲ್ಲಲಿಲ್ಲ. ತಂಗಡಗಿಯಿಂದ ಹೆರಿಗೆಗೆ ಬಂದಿದ್ದ ಹುಡುಗಿಯೊಬ್ಬಳು, ಹೊಟ್ಟೆ ಕೊಯ್ದು ಕೂಸು ತೆಗೆದ ಹನ್ನೊಂದನೆಯ ದಿನ ನಂಜೇರಿ ತೀರಿಕೊಂಡಳು. ಕೂಸು ಉಳಿಯಿತು.

ಅದಾದ ಮೂರನೆಯ ದಿನ ಡಾಕ್ಟರು ನನ್ನನ್ನು ಕರೆದರು.

"ಪೆನಿಸಿಲಿನ್‌ಗೆ ಬಗ್ಗದ ರೋಗಾಣು ವಾರ್ಡಿನ್ಯಾಗ ಸೇರೈತಿ. ಮೂಗಿನ್ಯಾಗ ಇದ್ರೂ ಇದ್ದವ್ರಿಗೆ ಗೊತ್ತಾಗೂದಿಲ್ಲ. ಎಲ್ಲಾ ಪೇಶೆಂಟ್‌ರದೂ ಪರೀಕ್ಷೆಗೆ ಕಳಸೂಣು."

ಹತ್ತಿ ಸುತ್ತಿದ ಕಡ್ಡಿಯನ್ನು ಮೂಗಿನೊಳಗೆ ತಿರುವಿ, ಗಾಜಿನ ನಳಿಕೆಗೆ ಹಾಕುತ್ತ ಮಂಚದಿಂದ ಮಂಚಕ್ಕೆ ಹೋದೆ. ಕೊನೆಯ ಮಂಚದಲ್ಲಿ ಕಾಲಿನ ಹುಣ್ಣಿಗೆ ಸೇರಿದ್ದ ಕುರಿ ಕಾಯುವ ಮುದುಕನಿದ್ದ.

"ತಪ್ಪು ತಿಳಕೋಬ್ಯಾಡ್ರಿ ನರ್ಸಬಾಯಾರ. ಹಿಂಡಿಗೆ ರೋಗ ಬಂದ್ರ ನಾ ಮೊದ್ಲ ನಾಯಿನ್ನ ನೋಡ್ತೇನಿ. ಎಲ್ಲಾ ಕುರಿ ಹತ್ರ ಹೋಗಿ ಬರೂದು ಅದೊಂದ. ನಿಮ್ಮ ಮೂಗಿಂದು ತಗೊಂಡ್ರ್ಯಾ?"

ಅಕ್ಕಪಕ್ಕದವರು ನಕ್ಕರು. ನನಗೆ ನಗು ಬರಲಿಲ್ಲ. ಇನ್ನೊಂದು ಕಡ್ಡಿ ತೆಗೆದುಕೊಂಡೆ.

ಜಿಲ್ಲೆಯ ಪ್ರಯೋಗಾಲಯಕ್ಕೆ ಬಸ್ಸಿನಲ್ಲಿ ಕಳಿಸಿದ ಪೆಟ್ಟಿಗೆಗೆ ಎಂಟು ದಿನದ ಮೇಲೆ ಉತ್ತರ ಬಂತು. ಇಬ್ಬರು ರೋಗಿಗಳ ಮೂಗಿನಲ್ಲಿ ಆ ರೋಗಾಣು ಇತ್ತು. ನನ್ನ ಮೂಗಿನಲ್ಲೂ ಇತ್ತು.

"ಆ ಹುಡುಗಿಗೆ ನನ್ನಿಂದನ ಹತ್ತಿತೇನ್ರಿ?"

"ನಿಮ್ಮಿಂದ ಅವ್ರಿಗೆ ಬಂತೋ, ಅವ್ರಿಂದ ನಿಮಗ ಬಂತೋ, ಹೇಳಾಕ ಬರೂದಿಲ್ರಿ," ಎಂದರು ಡಾಕ್ಟರು.

ಆ ಇಬ್ಬರನ್ನು ಬೇರೆ ಕೋಣೆಗೆ ಹಾಕಿದರು. ನನ್ನನ್ನು ವಾರ್ಡಿನಿಂದ ತೆಗೆದು ಹೊರರೋಗಿಗಳ ಚೀಟಿ ಬರೆಯುವಲ್ಲಿ ಕೂರಿಸಿದರು. ದಿನವೂ ಮೂಗಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದೆ. ಆಗಲೇ ಒಂದು ದಿನ ತೀರಿಕೊಂಡ ಹುಡುಗಿಯ ತಾಯಿ ಮೊಮ್ಮಗುವಿಗೆ ಸೂಜಿ ಹಾಕಿಸಲು ಬಂದಳು. ಮುಚ್ಚಿಡಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ.

"ನೀವು ಬೇಕಂತ ಮಾಡಿದ್ದಲ್ಲವ್ವ," ಎಂದಳು ಆಕೆ. ಆಮೇಲೆ ಕೂಸನ್ನು ಸೆರಗಿನೊಳಗೆ ಎಳೆದುಕೊಂಡು, "ಆದ್ರ ಇವನ್ನ ನೀವು ಮುಟ್ಟಬ್ಯಾಡ್ರಿ" ಎಂದಳು.

ನಾನು ಹೊರಗೆ ಹೋಗಿ ಬೇರೆ ನರ್ಸನ್ನು ಕಳಿಸಿದೆ.

ಮೂರು ಸಲ ಪರೀಕ್ಷೆ ಶುದ್ಧವಾಗಿ ಬಂದ ಮೇಲೆ ವಾರ್ಡಿಗೆ ಮರಳಿದೆ. ಅಷ್ಟರಲ್ಲಿ ಹೊಸ ಗಾಯಗಳು ಕೀವಿಲ್ಲದೆ ಒಣಗುತ್ತಿದ್ದವು. ಮುಂದೆ ರೋಗಿಗಳ ಜೊತೆ ನರ್ಸುಗಳನ್ನೂ ಪರೀಕ್ಷಿಸುವ ಪದ್ಧತಿ ಬಂತು. ಮೊದಲ ಸರದಿ ನನಗೇ ಕೊಡಿ ಎಂದು ಕೇಳಿಕೊಂಡೆ.