ಕರುವಿಗೆ ಸಿಕ್ಕ ಹಾಲು

ನನ್ನ ಬಾಲ್ಯವೆಂದರೆ ಅವ್ವನ ಹೆಗಲು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಅದಕ್ಕೆ ಅವ್ವ ನನ್ನನ್ನು ಹೆಗಲಿಗೆ ಒರಗಿಸಿಕೊಂಡು ಗೋಡೆಗೆ ಆತು ಕೂರುತ್ತಿದ್ದಳು. ಎದೆಯೊಳಗೆ ಬೆಕ್ಕು ಗುರುಗುಟ್ಟಿದಂತೆ ಸದ್ದು. ಮೋಡ ಕವಿದರೆ ಸೀನು, ಗಾಳಿ ಬೀಸಿದರೆ ಸೀನು. ರಬಕವಿಯ ನಮ್ಮ ಓಣಿಯಲ್ಲಿ ನಾನು ‘ದಮ್ಮಿನ ಹುಡುಗಿ’.

ಮನೆಯ ಪಡಸಾಲೆಯಲ್ಲೇ ಎರಡು ಪಾವರ್‌ಲೂಮ್ ಓಡುತ್ತಿದ್ದವು. ನೂಲಿನ ಧೂಳು ತೊಟ್ಟಿಲ ಹಗ್ಗದ ಮೇಲೂ ಕೂರುತ್ತಿತ್ತು. ಆದರೂ ನನ್ನ ದಮ್ಮಿಗಾಗಿ ಮಗ್ಗವನ್ನು ಯಾರೂ ಬೈಯಲಿಲ್ಲ. ಅನ್ನ ಕೊಡುವುದನ್ನು ಬೈಯುವ ಧೈರ್ಯ ನೇಕಾರರ ಮನೆಯಲ್ಲಿ ಯಾರಿಗಿದೆ? ಬೈಸಿಕೊಳ್ಳಲು ಅವ್ವ ಇದ್ದಳಲ್ಲ! “ತಾಯಿ ಎದ್ಯಾಗ ಹಾಲ ಇರಲಿಲ್ಲ, ಕೂಸು ಗಟ್ಟಿ ಹೆಂಗ ಆದೀತು?” ಎಂದು ಬಂದವರೆಲ್ಲ ಹೇಳಿ, ಅವಳೇ ಮಾಡಿದ ಚಹಾ ಕುಡಿದು ಹೋಗುತ್ತಿದ್ದರು. ಅವ್ವ ಕಂಡಿಕೆಗೆ ನೂಲು ಸುತ್ತುತ್ತ ತಲೆ ಎತ್ತುತ್ತಿರಲಿಲ್ಲ. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಹಾಲು ಇರಲಿಲ್ಲವೆಂಬುದೇ ಸುಳ್ಳು. ಅವ್ವನ ಚೊಚ್ಚಲ ಹೆರಿಗೆ ತವರಿನಲ್ಲಿ, ಅನಗವಾಡಿಯಲ್ಲಿ ಆಯಿತು. ಅವ್ವನ ತಾಯಿ, ನಮ್ಮ ಆಯಿ, ಮಗಳ ಮೊದಲ ಹಾಲು ಹಳದಿಯಾಗಿ ಅಂಟಂಟಾಗಿ ಬಂದದ್ದನ್ನು ನೋಡಿ, ಕೂಸಿಗೆ ಆಗದು ಎಂದು ಹಿಂಡಿ ಲಿಂಬೆ ಗಿಡದ ಬುಡಕ್ಕೆ ಹಾಕಿದಳು. ಅವಳ ತಾಯಿಯೂ ಹಾಗೆಯೇ ಮಾಡಿದ್ದಳಂತೆ. ಮೂರು ದಿನ ಅರಳೆಯ ಬತ್ತಿ ಅದ್ದಿ ನನಗೆ ಸಕ್ಕರೆ ನೀರು ಚೀಪಿಸಿದರು. ಆಮೇಲೆ ಎದೆಗೆ ಹಾಕಿದರೆ ನಾನು ಬಾಯಿಯನ್ನೇ ಇಡಲಿಲ್ಲ. ಕುಡಿಯುವವರಿಲ್ಲದೆ ಹಾಲು ಬತ್ತುತ್ತ ಹೋಯಿತು. ರಬಕವಿಗೆ ಮರಳುವಾಗ ನಮ್ಮ ಗಂಟಿನ ಜೊತೆ ಒಂದು ಹಾಲಿನ ಬಾಟಲಿಯೂ ಬಂತು.

ಜಮಖಂಡಿಯಲ್ಲಿ ನನ್ನನ್ನು ನೋಡುತ್ತಿದ್ದ ಡಾಕ್ಟರರನ್ನು ಅವ್ವ ಒಮ್ಮೆ ಧೈರ್ಯ ಮಾಡಿ ಕೇಳಿದಳು, “ಎದಿಹಾಲ ಕುಡಸಲಿಲ್ಲ ಅಂತ ಹಿಂಗ ಆತೇನ್ರಿ?”

“ಎದಿಹಾಲ ಕುಡದ ಕೂಸಿಗೆ ಕಫ, ನ್ಯುಮೋನಿಯಾ ಕಡಿಮಿ, ಅದು ಖರೆ. ದಮ್ಮೂ ಕಡಿಮಿ ಅಂತಾರ. ಆದ್ರ ಈಕಿಗೆ ಅದೊಂದರಿಂದನ ಬಂತು ಅಂತ ಹೇಳಾಕ ಬರೂದಿಲ್ರಿ. ಮನ್ಯಾಗ ಮಗ್ಗದ ಧೂಳ ಐತಿ, ಒಲಿ ಹೊಗಿ ಐತಿ. ಯಾವುದು ಅಂತ ಹೇಳ್ಲಿ?”

ಅವ್ವ ಮೊದಲಿನ ಮಾತನ್ನಷ್ಟೇ ಮನೆಗೆ ತಂದಳು. ಉಳಿದದ್ದನ್ನು ಅಲ್ಲೇ ಬಿಟ್ಟು ಬಂದಳು.

ವರ್ಷಗಳು ಕಳೆದು ನನ್ನ ಹೆರಿಗೆ ಜಮಖಂಡಿಯ ಆಸ್ಪತ್ರೆಯಲ್ಲಿ ಆಯಿತು. ಅಷ್ಟರಲ್ಲಿ ಆಯಿಯ ಹೊಲ ಆಣೆಕಟ್ಟಿನ ಹಿನ್ನೀರಿಗೆ ಹೋಗಿ, ಎಮ್ಮೆಗಳನ್ನು ಮಾರಿ, ಅವಳು ನಮ್ಮ ಮನೆಗೇ ಬಂದು ಇದ್ದಳು. ಮೊಮ್ಮಗಳ ಕೂಸನ್ನು ನೋಡುವ ಸಂಭ್ರಮದಲ್ಲಿ ಆಸ್ಪತ್ರೆಗೆ ಬಂದವಳ ಕೈಯಲ್ಲಿ ಒಂದು ಬಟ್ಟಲು ಸಕ್ಕರೆ ನೀರು, ಅರಳೆಯ ಬತ್ತಿ.

“ಮೊದಲಿಂದು ಹಿಂಡಿ ಚೆಲ್ಲವ್ವಾ. ಕೂಸಿಗೆ ಅರಗೂದಿಲ್ಲ.”

ತಾಯಿಯ ಎದುರು ಎಂದೂ ದನಿ ಎತ್ತದ ಅವ್ವ ಬಟ್ಟಲು ಹಿಡಿದ ಆ ಕೈಯನ್ನು ತಡೆದಳು.

“ಬ್ಯಾಡ ಬೇ. ನಾ ಹಡದ ವಾರದಾಗ ಎಮ್ಮಿ ಈದಿತ್ತು, ನೆನಪೈತೇನು? ಅಪ್ಪ ಗಿಣ್ಣಕ್ಕಂತ ಚರಿಗಿ ಹಿಡಕೊಂಡು ಕುಂತ್ರ ಎಷ್ಟ ಬೈದಿದ್ದಿ! ಮೊದಲ ಕರಾ ಕುಡೀಲಿ, ಇಲ್ಲಂದ್ರ ಅದು ಗಟ್ಟಿ ಆಗೂದಿಲ್ಲ ಅಂದಿದ್ದಿ. ನಾ ಒಳಗ ಹೊರಸಿನ ಮ್ಯಾಲ ಮಲಗಿ ಎಲ್ಲಾ ಕೇಳಿದ್ನಿ. ನನ್ನ ಹಾಲ ಲಿಂಬಿ ಗಿಡಕ್ಕ ಹೋಗಿತ್ತು ಬೇ. ಅವತ್ತ ನಾ ಬಾಯಿ ಬಿಡಲಿಲ್ಲ.”

ಆಯಿ ಬಟ್ಟಲನ್ನು ಕಿಟಕಿಯಲ್ಲಿಟ್ಟು ಕುಳಿತಳು. ಅವ್ವ ಕೂಸನ್ನು ನನ್ನ ಎದೆಗೆ ಹಚ್ಚಿದಳು. ಸ್ವಲ್ಪ ಹೊತ್ತು ತಡಕಾಡಿ ಅದು ಕುಡಿಯತೊಡಗಿತು. “ಇಷ್ಟ ಇತ್ತ ನೋಡು ಕೆಲಸ” ಎಂದು ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆಯಿ ಕೂಸನ್ನು ನೋಡುತ್ತಲೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಖರೆ ಹೇಳವ್ವಾ. ನಿನಗ ದಮ್ಮು ನನ್ನಿಂದ ಬಂತೇನು?”

ನನ್ನನ್ನು ಆಯಿಯಷ್ಟು ಮುದ್ದು ಮಾಡಿದವರು ಬೇರೆ ಯಾರೂ ಇಲ್ಲ. ಚಿಕ್ಕಂದಿನಲ್ಲಿ ಅವ್ವನ ಜೊತೆ ಕೂತು ಕೇಳಿದ್ದ ಡಾಕ್ಟರರ ಮಾತು ಪೂರ್ತಿ ನೆನಪಿತ್ತು. ಧೂಳು, ಹೊಗೆ, ಎಲ್ಲವನ್ನೂ ಹೇಳಬಹುದಿತ್ತು. ಕಡೇಪಕ್ಷ ‘ಇಲ್ಲ ಆಯಿ’ ಎಂದರೂ ಸಾಕಿತ್ತು. ಅವಳು ಮತ್ತೆಂದೂ ಅದನ್ನು ಕೇಳಲಿಲ್ಲ, ನಾನಾಗಿ ಆ ಮಾತು ಎತ್ತುವ ಮೊದಲೇ ತೀರಿಕೊಂಡಳು.

ಅವತ್ತು ‘ಇಲ್ಲ’ ಅನ್ನಲೆಂದೇ ಬಾಯಿ ತೆರೆದಿದ್ದೆ. ಕೆಮ್ಮು ಬಂತು. ಅದು ನಿಲ್ಲುವಷ್ಟರಲ್ಲಿ ಆಯಿ ಎದ್ದು ಹೋಗಿದ್ದಳು. ಕಿಟಕಿಯಿಂದ ನೋಡಿದರೆ, ಅಂಗಳದ ಬೇವಿನ ಗಿಡದ ಬುಡಕ್ಕೆ ಬಗ್ಗಿ ಆ ಸಕ್ಕರೆ ನೀರನ್ನು ಚೆಲ್ಲುತ್ತಿದ್ದಳು.