ಕೋಲು ಬಿದ್ದಾಗ

ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ಲಾರಿ ಕಾರ್ಖಾನೆಯಲ್ಲಿ ಬಿಡಿಭಾಗಗಳ ಗುಣಮಟ್ಟ ನೋಡುವುದು ನನ್ನ ಕೆಲಸವಾಗಿತ್ತು. ಆ ಒಂದೇ ಕಾರಣಕ್ಕೆ ಎರಡು ಸಾವಿರನೇ ಇಸವಿಯ ಆಚೀಚಿನ ಒಂದು ಚಳಿಗಾಲದ ಶನಿವಾರ ನಾನು ಸಿಕ್ಕಿಬಿದ್ದೆ. ನನ್ನ ಹನ್ನೊಂದು ವರ್ಷದ ಮಗಳು ಐಸ್ ಹಾಕಿಯಲ್ಲಿ ಗೋಲ್‌ಕೀಪರ್. ಅವಳ ಕ್ಲಬ್ಬಿನಲ್ಲಿ ಅಪ್ಪ ಅಮ್ಮಂದಿರೂ ಏನಾದರೊಂದು ಬಿಟ್ಟಿ ಚಾಕರಿ ಮಾಡಲೇಬೇಕು. ಗೋಲ್‌ಕೀಪರುಗಳ ಕೋಚ್ ನನ್ನನ್ನು ಹಿಡಿದು ನಿಲ್ಲಿಸಿದ.

“ದಿನವಿಡೀ ತಪ್ಪು ಹುಡುಕುವವರು ನೀವು. ಇವತ್ತು ಮಕ್ಕಳ ಆಟ ನೋಡಿ ಹೇಳಿ.”

ವಿಶೇಷ ತರಬೇತಿಯ ಗುಂಪಿನಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು. ಮಗಳು ಅದಕ್ಕಾಗಿ ಜೀವ ಬಿಡುತ್ತಿದ್ದಳು. ಊಟದ ತಟ್ಟೆಯ ಮುಂದೆ ಕೂತರೂ ಅದೇ ಮಾತು. ತಪಾಸಣೆಗೆ ಕೂತವರಿಗೆ ಒಂದು ನಿಯಮ: ತಮ್ಮ ಮಗು ಮಂಜುಗಡ್ಡೆಯ ಅಂಗಳಕ್ಕೆ ಇಳಿದಾಗ ಬಾಯಿ ಮುಚ್ಚಿಕೊಂಡಿರಬೇಕು. ಅದೇನು ಮಹಾ ಎಂದುಕೊಂಡು ಒಪ್ಪಿದೆ.

ಗಾಜಿನ ಗೋಡೆಯ ಹಿಂದಿನ ಬೆಂಚಿನಲ್ಲಿ ನನ್ನ ಒಂದು ಪಕ್ಕ ಕೋಚ್, ಇನ್ನೊಂದು ಪಕ್ಕ ಯಾರದೋ ಅಪ್ಪ, ಆನೆಯಂಥ ಆಳು. ಅವನ ಮೊಣಕಾಲು ದಾಟಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಕೋಚ್ ವಿವರಿಸಿದ: ಗೋಲು ಎಷ್ಟು ಬಿಟ್ಟರು ಎನ್ನುವುದು ಮುಖ್ಯವಲ್ಲ. ಬಿದ್ದವರು ಎಷ್ಟು ಬೇಗ ಏಳುತ್ತಾರೆ, ಕಣ್ಣು ಆ ಕಪ್ಪು ರಬ್ಬರ್ ಬಿಲ್ಲೆಯ ಮೇಲೆಯೇ ಇರುತ್ತದೆಯೇ, ಅಷ್ಟೇ ನೋಡಬೇಕು. ಆ ಬಿಲ್ಲೆಗೆ ಪಕ್ ಅನ್ನುತ್ತಾರೆ. ಕೊನೆಯ ಪರೀಕ್ಷೆಯಲ್ಲಿ ಬೇಕೆಂದೇ ಗೋಲ್‌ಕೀಪರಿನ ಕೈಯಿಂದ ಹಾಕಿ ಕೋಲನ್ನು ಕೆಳಕ್ಕೆ ಬೀಳಿಸುತ್ತಾರೆ. ಕೋಲಿನ ಗೊಡವೆಗೆ ಹೋಗದೆ ಮೈಯಿಂದಲೇ ಪಕ್ ತಡೆಯಬೇಕು.

ಮಗಳು ಬಂದಳು. ಮೊದಲೆಲ್ಲ ಚೆನ್ನಾಗಿಯೇ ಆಡಿದಳು. ನನ್ನ ಎದೆ ಉಬ್ಬಿತು. ಆಮೇಲೆ ಕೋಲು ಬೀಳಿಸಿದರು. ಪಕ್ಕಕ್ಕೆ ಜಾರುವ ಭರದಲ್ಲಿ ಅವಳ ಸ್ಕೇಟು ಬಿದ್ದ ಕೋಲಿಗೆ ತಾಗಿತು. ತಕ್ಷಣ ಬಗ್ಗಿದಳು, ಕೋಲನ್ನು ಮುಟ್ಟಿದಳು, ಕೈಗವಸನ್ನು ಮುಖವಾಡದ ಹಣೆಗೆ ಒತ್ತಿಕೊಂಡಳು. ಅಷ್ಟರಲ್ಲಿ ಪಕ್ ಬಲೆಯೊಳಗಿತ್ತು.

“ತಲೆಗೇನಾದರೂ ಪೆಟ್ಟಾಯಿತೇ?” ಎಂದ ಪಕ್ಕದ ಅಪ್ಪ.

ಮತ್ತೊಮ್ಮೆ ಬೀಳಿಸಿದರು. ಮತ್ತೆ ಕಾಲು ತಾಗಿತು, ಮತ್ತೆ ಅದೇ. ನನ್ನ ಅಕ್ಕಪಕ್ಕದ ಇಬ್ಬರೂ ಮುಖ ಮುಖ ನೋಡಿಕೊಂಡರು.

ತಲೆಗೂ ಪೆಟ್ಟಿಲ್ಲ, ಎಂಥದೂ ಇಲ್ಲ! ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಕೋಲಂತೂ ಆಯುಧ ಪೂಜೆಯಲ್ಲಿ ಕಾರಿನ ಪಕ್ಕ ಕೂತು ಅರಶಿನ ಕುಂಕುಮ ಹಚ್ಚಿಸಿಕೊಂಡದ್ದು. ಇದೆಲ್ಲ ಆ ಇಡೀ ಕಟ್ಟಡದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಬಾಯಿ ತೆರೆಯಬಾರದವಳೂ ನಾನೊಬ್ಬಳೇ. ಅಯ್ಯೋ ಮಾರಾಯ್ತಿ, ದೇವರು ಆಟ ಮುಗಿಯುವ ತನಕ ಕಾಯುತ್ತಾನೆ, ಪಕ್ ಕಾಯುವುದಿಲ್ಲ ಎಂದು ಗಾಜು ಬಡಿದು ಕೂಗಬೇಕೆನಿಸಿತು.

ಕೊನೆಗೆ ತಡೆಯಲಾಗಲಿಲ್ಲ. ನಿಯಮ ಹಾಳಾಗಿ ಹೋಗಲಿ ಎಂದು ಎಲ್ಲವನ್ನೂ ಹೇಳಿಬಿಟ್ಟೆ. “ಎಷ್ಟು ಚೆಂದದ ಪದ್ಧತಿ” ಎಂದ ಆ ಅಪ್ಪ. ನನಗೆ ಮೈಯೆಲ್ಲ ಉರಿಯಿತು. ಕೋಚ್ ಮಾತ್ರ ಹುಬ್ಬು ಗಂಟಿಕ್ಕಿದ.

“ಆದರೆ ಇದೇ ಪಾಠ ನಾನು ಪ್ರತಿ ವಾರ ಮಾಡಿಸುತ್ತೇನೆ. ಅವಳು ಒಂದು ದಿನವೂ ಹೀಗೆ ಮಾಡಿಲ್ಲ.”

ಅವನು ಗಾಜಿನ ನಡುವಿನ ಬಾಗಿಲು ತೆರೆದು ಅವಳನ್ನು ಕರೆದ. ಮುಖವಾಡ ಮೇಲೆತ್ತಿದಳು. ಕೆನ್ನೆ ಕೆಂಪಾಗಿತ್ತು. ಇವತ್ತೇಕೆ ಹೀಗೆ ಎಂದು ಅವನು ಮೆಲ್ಲಗೆ ಕೇಳಿದ. ಅವಳು ನನ್ನ ಕಡೆ ಒಮ್ಮೆ ನೋಡಿ, ಸ್ವೀಡಿಷ್‌ನಲ್ಲಿ ಹೇಳಿದಳು, “ಅಮ್ಮ ನೋಡ್ತಾ ಇದ್ದಾಳೆ.”

ಹೊರಗೆ ಹೋಗಿ ಎಂದು ಕೋಚ್ ಹೇಳಲಿಲ್ಲ. ಅವಳಿಗೆ ಇನ್ನೊಂದು ಅವಕಾಶ ಕೊಡೋಣ ಎಂದಷ್ಟೇ ಹೇಳಿ ನನ್ನ ಮುಖ ನೋಡಿದ. ನಾನೇ ಎದ್ದೆ. ಆನೆಯಂಥ ಆಸಾಮಿ ಈಗ ಮಾತ್ರ ಎಷ್ಟು ಸಲೀಸಾಗಿ ಕಾಲು ಒಳಗೆಳೆದುಕೊಂಡ!

ಹೊರಗಿನ ಕೆಫೆಯಲ್ಲಿ ಹೋಗಿ ನಿಂತೆ. ಅದರ ಕಿಟಕಿಯಿಂದ ಕಾರು ನಿಲ್ಲಿಸುವ ಜಾಗ ಕಾಣುತ್ತದೆಯೇ ಹೊರತು ಆಟ ಕಾಣುವುದಿಲ್ಲ. ಒಳಗಿನಿಂದ ಅಂಗಳದ ಸುತ್ತಿನ ಹಲಗೆಗೆ ಪಕ್ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ನಾನು ಕಲಿಸಿದ್ದು ಒಳ್ಳೆಯದನ್ನೇ, ಅದರಲ್ಲೇನು ತಪ್ಪು ಎಂದು ಕುದಿಯುತ್ತಿದ್ದೆ. ಅವಳು ಆಯ್ಕೆಯಾಗಲಿ ಎಂದು ಬೇಡಿಕೊಂಡೆ. ಹಾಗೆ ಬೇಡಿಕೊಂಡರೆ ಕೋಲನ್ನು ಮುಟ್ಟದಿರಲಿ ಎಂದೂ ಬೇಡಿಕೊಂಡ ಹಾಗಾಯಿತಲ್ಲ! ಒಳಗೆ ಹೋಗುವಂತಿಲ್ಲ, ಮನೆಗೂ ಹೋಗುವಂತಿಲ್ಲ, ಅಲ್ಲಿ ನಿಲ್ಲಲೂ ಆಗುತ್ತಿಲ್ಲ.

ತುಂಬ ಹೊತ್ತಿನ ಮೇಲೆ ಒದ್ದೆ ಕೂದಲಲ್ಲಿ, ತನಗಿಂತ ದೊಡ್ಡ ಚೀಲ ಎಳೆದುಕೊಂಡು ಬಂದಳು. ತನ್ನನ್ನೇ ತೆಗೆದುಕೊಂಡರು ಎಂದು ಸ್ವೀಡಿಷ್‌ನಲ್ಲಿ ಕಿರುಚುತ್ತಾ ನನ್ನ ಮೇಲೆ ಬಿದ್ದಳು. ನಾನೂ ಅಪ್ಪಿ ಹಿಡಿದು ಅತ್ತೆ.

“ಮತ್ತೆ ಕೋಲು ಬೀಳಿಸಿದ್ರಾ?”

ಹೂಂ ಎಂದಳು.

“ಕಾಲು ತಾಗ್ತಾ?”

ಹೂಂ ಎಂದು ಬೂಟಿನ ಲೇಸು ಕಟ್ಟಲು ಬಗ್ಗಿದಳು. ಮುಂದಕ್ಕೆ ನಾನು ಕೇಳಲಿಲ್ಲ. ಮನೆಯಲ್ಲಿ, ಕಾರಿನಲ್ಲಿ, ನಾನು ಎಷ್ಟು ಕನ್ನಡ ಆಡಿದರೂ ಸ್ವೀಡಿಷ್‌ನಲ್ಲೇ ಉತ್ತರ ಕೊಡುವ ಹುಡುಗಿ ಅವಳು. ಲೇಸು ಕಟ್ಟಿ ಎದ್ದು, ನನ್ನ ಕೈ ಹಿಡಿದುಕೊಂಡು ಅಪ್ಪಟ ಕನ್ನಡದಲ್ಲಿ ಹೇಳಿದಳು:

“ಇನ್ಮೇಲೆ ನೀನು ಒಳಗೆ ಬರ್ಬೇಡ, ಆಯ್ತಾ ಅಮ್ಮ?”