ತಮ್ಮ ಪಾಠ ತಾವೇ ಕೇಳಿದ ಟೀಚರ್

ನಾನು ಮೇಷ್ಟ್ರಾಗಿದ್ದ ಯಲಬುರ್ಗಾದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಟೀಚರೊಬ್ಬರು ದಿನಾ ನನ್ನಂತೆಯೇ ಕೊಪ್ಪಳದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬೆಳಿಗ್ಗೆ ಬಸ್ಸಿಳಿಯುವಾಗಲೇ ದಣಿದಿರುತ್ತಿದ್ದರು. ಯಾರು ಏನು ಹೇಳಿದರೂ ಅವರದು ಒಂದೇ ಮಾತು: "ಆತು ಬಿಡ್ರಿ, ಮಾಡೂಣು." ಭಾಷಾ ಶಿಕ್ಷಕರು ಮೊಬೈಲಿನಲ್ಲಿ ತಾವೇ ಓದಿ ಮುಗಿಸಬೇಕಾದ ತರಬೇತಿಯೊಂದು ಬಂದಾಗಲೂ ಹಾಗೆಯೇ ಅಂದರು.

ಅದರಲ್ಲೊಂದು ಕೆಲಸ, ತಮ್ಮ ಪಾಠವನ್ನು ರೆಕಾರ್ಡ್ ಮಾಡಿಕೊಂಡು ತಾವೇ ಕೇಳುವುದು. ಹಾಗೆ ರೆಕಾರ್ಡ್ ಮಾಡಿಕೊಂಡ ದಿನ ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು ಕೇಳುತ್ತಿದ್ದವರು ಅರ್ಧ ದಾರಿಯಲ್ಲಿ ಇಯರ್‌ಫೋನ್ ಕಿತ್ತು ತೆಗೆದರು.

"ಬರೇ ನಂದಽ ದನಿ ಐತ್ರಿ ಸರ್. ಹುಡುಗ್ರು ಒಂದ್ ಮಾತೂ ಆಡಿಲ್ಲ. ಇಷ್ಟ್ ವರ್ಷ ಯಾರಿಗೆ ಕಲಿಸೀನಿ ನಾನು?"



ಮರುದಿನ ಅವರ ತರಗತಿಯಿಂದ ಸದ್ದೇ ಇಲ್ಲದ್ದನ್ನು ಗಮನಿಸಿ ಇಣುಕಿದೆ. ಮನೆಯವರ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ, ಉತ್ತರವನ್ನು ತಾವೇ ಹೇಳಿಬಿಡದೆ, ಮೇಜು ಹಿಡಿದು ನಿಂತಿದ್ದರು. ಬಹಳ ಹೊತ್ತಿನ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೈ ಮದರ್ ಗೋ ಕಾಟನ್ ಫೀಲ್ಡ್" ಎಂದಳು.

ಟೀಚರ್ ತಿದ್ದಲಿಲ್ಲ. ಕುರ್ಚಿ ಎಳೆದುಕೊಂಡು ಅವಳೆದುರು ಕುಳಿತರು.

"ಹೂಂ, ಹೇಳವಾ. ಮುಂದ?"